ಎಣ್ಣೆ ತಿಕ್ಕಿದ ತಪ್ಪು

ರಾತ್ರಿ ಪಾಳಿಗೆ ಬಂದ ಕೂಡಲೇ ಕದರಮ್ಮ ಬಿಳಿ ಕೋಟು ಹಾಕಿಕೊಳ್ಳಬೇಕು. ಬೆಳಿಗ್ಗೆ ಡಾಕ್ಟರು ಮಹಡಿಯಿಂದ ಇಳಿದು ಬರುವ ಹೊತ್ತಿಗೆ ಅದನ್ನು ಬಿಚ್ಚಿ, ಮಡಚಿ, ಕಪಾಟಿನಲ್ಲಿಟ್ಟು ಮತ್ತೆ ನೀಲಿ ಸೀರೆಯ ಆಯಾ ಆಗಬೇಕು. ಮಧುಗಿರಿಯ ಆ ನರ್ಸಿಂಗ್ ಹೋಮಿನಲ್ಲಿ ಇದೇ ಕಾನೂನು. ಕೋಟು ಹಾಕಿದರೆ ಸಿಸ್ಟರು. ಬಿಚ್ಚಿದರೆ ಕಸ ಗುಡಿಸುವವಳು. ರಾತ್ರಿ ಎರಡು ವಾರ್ಡಿಗೂ ಸೇರಿ ಒಬ್ಬಳೇ ನರ್ಸು. ಇನ್ನೊಬ್ಬಳನ್ನು ಇಟ್ಟುಕೊಳ್ಳಲು ಡಾಕ್ಟರ್ ನಾಗಭೂಷಣ್ ಅವರಿಗೆ ಮನಸ್ಸಿಲ್ಲ. ಹಾಗಾಗಿ ಆಯಾಗಳಿಗೇ ಕೋಟು ತೊಡಿಸಿದ್ದರು. ರೋಗಿಗಳಿಗೆ ಗೊತ್ತಾಗುತ್ತಿರಲಿಲ್ಲ. ಬಿಳಿ ಬಟ್ಟೆ ಕಂಡರೆ ನಮ್ಮ ಜನ ಹೆಸರು ಕೂಡ ಕೇಳದೆ ಕೈ ಚಾಚಿಬಿಡುತ್ತಾರೆ.

ಕದರಮ್ಮ ಬಡವನಹಳ್ಳಿ ಕಡೆಯ ಮಾದಿಗರ ಕೇರಿಯವಳು. ಗಂಡ ಅಡವಯ್ಯ ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡವನು. ಮನೆ ನಡೆಯಬೇಕಾದರೆ ಇವಳ ಮೈ ನಡೆಯಬೇಕು. ಇಡೀ ರಾತ್ರಿ ಆ ಮೈಗೆ ಬಿಡುವಿಲ್ಲ. ಉಚ್ಚೆ ಚೀಲ ಖಾಲಿ ಮಾಡಬೇಕು. ಬೆಡ್ ಪ್ಯಾನು ಇಡಬೇಕು, ತೆಗೆಯಬೇಕು, ಒರೆಸಬೇಕು, ತೊಳೆಯಬೇಕು. ಏಳಲಾಗದ ಗಂಡಸರ ಕಂಕುಳಿಗೆ ಕೈಕೊಟ್ಟು ಮಗ್ಗುಲು ಬದಲಿಸಬೇಕು. ವಾಂತಿ ಬಳಿಯಬೇಕು. ಫಿನಾಯಿಲಿಗೆ ಬೆರಳ ಸಂದಿ ಬಿರಿದು, ಮುದ್ದೆ ಮುರಿಯುವಾಗ ಸಾರಿನ ಖಾರಕ್ಕೆ ಕೈ ಧಗಧಗ ಉರಿಯುತ್ತಿತ್ತು. ಉಚ್ಚೆ ಬಳಿಸಿಕೊಳ್ಳುವಾಗ ಯಾರೂ ಜಾತಿ ಕೇಳುತ್ತಿರಲಿಲ್ಲ. ನೀರು ಕುಡಿಸಲು ಹೋದಾಗ ಕೆಲವರು ಕೇಳುತ್ತಿದ್ದರು.

ಈ ಕೆಲಸ ಕೊಡಿಸಿದವಳು ಲಕ್ಷ್ಮೀದೇವಿ. ರಾತ್ರಿ ಪಾಳಿಯ ಸ್ಟಾಫ್ ನರ್ಸು. ಕದರಮ್ಮನ ಸ್ವಂತ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಈ ಹುಡುಗಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಕದರಮ್ಮನೇ ಹೇನು ಹೆಕ್ಕಿ, ಜಡೆ ಹಾಕಿ, ಹಾಸ್ಟೆಲಿಗೆ ಟ್ರಂಕು ಹೊತ್ತು ಬಿಟ್ಟು ಬಂದಿದ್ದಳು. ಕೇರಿಯಲ್ಲಿ ಮೊದಲು ನರ್ಸಿಂಗ್ ಓದಿದವಳು ಅವಳೇ. ಈಗ ಮಧುಗಿರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಇದ್ದ ಜಾತಿ ಹೇಳಿದ್ದರೆ ಆ ಬೀದಿಯಲ್ಲಿ ಮನೆ ಸಿಗುತ್ತಿರಲಿಲ್ಲ. ಬೇರೆ ಜಾತಿ ಹೇಳಿದಳು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದಳು.

“ಚಿಕ್ಕವ್ವ, ಅಲ್ಲಿ ನೀನು ನಂಗೆ ಏನೂ ಆಗ್ಬೇಕಿಲ್ಲ. ಎಲ್ರಂಗೆ ಮೇಡಂ ಅನ್ನು. ಬೇಜಾರು ಮಾಡ್ಕಬ್ಯಾಡ,” ಎಂದು ಕೆಲಸಕ್ಕೆ ಸೇರುವ ಮುಂಚೆಯೇ ಹೇಳಿದ್ದಳು.

“ಬುಡು ಮಗ, ಅದ್ರಾಗೇನು ಬೇಜಾರು? ನೀನು ಚೆನ್ನಾಗಿದ್ರೆ ಸಾಕು ಕಣವ್ವ,” ಎಂದಿದ್ದಳು ಕದರಮ್ಮ. ಆ ಮಾತನ್ನು ಮನಸ್ಸಿನಿಂದಲೇ ಆಡಿದ್ದಳು.

ಡ್ಯೂಟಿ ರೂಮಿನಲ್ಲಿ ನರ್ಸುಗಳಿಗೆ ಸ್ಟೀಲ್ ಲೋಟ. ಆಯಾಗಳಿಗೆ ಕಿಟಕಿಯಾಚೆ ಇಟ್ಟ ಬಣ್ಣಗೆಟ್ಟ ಪ್ಲಾಸ್ಟಿಕ್ ಲೋಟ. ಪಾಳಿ ಬದಲಾಗುವಾಗ ಎಲ್ಲರ ಎದುರಿಗೆ ಲಕ್ಷ್ಮೀದೇವಿಯೂ ಕೈ ಎತ್ತರಿಸಿ, ಎಲ್ಲೂ ತಾಗದಂತೆ ಟೀ ಸುರಿಯುತ್ತಿದ್ದಳು. ಮೊದಲ ಸಲ ಅರ್ಧ ಟೀ ಕದರಮ್ಮನ ಕಾಲ ಮೇಲೆ ಚೆಲ್ಲಿತ್ತು. ಆಮೇಲೆ ರೂಢಿಯಾಯಿತು. ವಾರ್ಡು ಮಲಗಿದ ಮೇಲೆ ಮಾತ್ರ ಲಕ್ಷ್ಮೀದೇವಿ ಬಾಗಿಲು ಮುಂದೆ ಮಾಡಿ, ತನ್ನ ಲೋಟದಲ್ಲಿ ಅರ್ಧ ಕುಡಿದು, ಮಿಕ್ಕಿದ್ದನ್ನು ಚಿಕ್ಕವ್ವನ ಕೈಗೆ ಕೊಡುತ್ತಿದ್ದಳು. ಕದರಮ್ಮನಿಗೆ ಅಷ್ಟು ಸಾಕಾಗಿತ್ತು. ಅದಕ್ಕೇ ಅವಳು ಹಗಲು ಪಾಳಿ ಕೇಳಿದವಳೇ ಅಲ್ಲ.

ಸೂಜಿ ಹಿಡಿಯುವುದನ್ನು ಕಲಿಸಿದವಳೂ ಲಕ್ಷ್ಮೀದೇವಿಯೇ. ಒಂದಿಷ್ಟು ಅಕ್ಕರೆಯಿಂದ. ಮಿಕ್ಕಿದ್ದು ತನಗೆ ನಿದ್ದೆ ಬೇಕು ಎಂಬ ಕಾರಣಕ್ಕೆ. ಮನೆಯಲ್ಲಿ ಎದೆಹಾಲು ಕುಡಿಯುವ ಕೂಸು ಹಗಲು ಮಲಗಲು ಬಿಡುತ್ತಿರಲಿಲ್ಲ. ಡಾಕ್ಟರಿಗೆ ಇದೆಲ್ಲ ಗೊತ್ತಿತ್ತು. ಕದರಮ್ಮನ ಕೈ ಸಲೀಸು ಎಂದು ಅವರೇ ಒಂದು ಸಲ ಹೊಗಳಿದ್ದರು. ಹೊಗಳಿಕೆ ಕೇಳಿ ಅವಳು ಬೆಳಗಿನ ಬಸ್ಸಿನಲ್ಲಿ ಊರಿನವರೆಗೂ ಒಬ್ಬಳೇ ನಗುತ್ತಾ ಹೋಗಿದ್ದಳು.

“ಚರ್ಮಕ್ಕೆ ಚುಚ್ಚೋದು ನಮ್ಮಪ್ಪನ ಕಸುಬೇ ಅಲ್ವೇನೇ? ಅವ್ನು ಮೆಟ್ಟು ಹೊಲಿಯಕ್ಕೆ ದಬ್ಬಣದಲ್ಲಿ ಚುಚ್ತಿದ್ದ. ನಾನು ಇಂಗೆ ಸೂಜೀಲಿ,” ಎಂದು ಪಿಸುಗುಟ್ಟಿದಾಗ ಲಕ್ಷ್ಮೀದೇವಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು.

ತರನ್ನುಮ್ ಎಂಬ ಸಿರಾದ ಹುಡುಗಿ ಬಂದದ್ದು ಟೈಫಾಯ್ಡಿಗೆ. ಮಧುಗಿರಿಯ ನೆಂಟರ ಮನೆಗೆ ಬಂದಿದ್ದಾಗ ಜ್ವರ ಏರಿತ್ತು. ತಾಯಿ ಫಕ್ರುನ್ನೀಸಾ ಮಂಚದ ಪಕ್ಕ ಚಾಪೆ ಹಾಸಿಕೊಂಡಿದ್ದಳು. ಅಪ್ಪ ಅಹಮದ್ ಷರೀಫ್ ಸಿರಾದ ರಸ್ತೆ ಬದಿಯಲ್ಲಿ ಬೀಗ, ಛತ್ರಿ ರಿಪೇರಿ ಮಾಡುವವನು. ಹುಡುಗಿ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ಅಂಗಡಿಯವರು ಇವಳ ಕೈಯಲ್ಲೇ ಕಟ್ಟಿಸಬೇಕು ಎನ್ನುವಷ್ಟು ಹೆಸರಿತ್ತು. ಜ್ವರ ಇಳಿದ ಹೊತ್ತಿನಲ್ಲಿ ಸುಮ್ಮನೆ ಕೂರಲಾಗದೆ ರೇಷ್ಮೆ ದಾರ ಹಿಡಿದು ಗಂಟು ಹಾಕುತ್ತಾ ಕೂತಿರುತ್ತಿದ್ದಳು.

“ಸಿಸ್ಟರ್, ನಿಮ್ದೊಂದು ಸೀರೆ ತನ್ನಿ, ಚೆನ್ನಾಗಿ ಕಟ್ಕೊಡ್ತೀನಿ,” ಎಂದಿದ್ದಳು.

“ಅಂಥ ಸೀರೆ ನಂತಾವ ಎಲ್ಲವ್ವ ಐತೆ? ಮೊದ್ಲು ನೀನು ಎದ್ದು ಓಡಾಡು,” ಎಂದು ಕದರಮ್ಮ ಅವಳ ಹಣೆ ಮುಟ್ಟಿದ್ದಳು.

ಆ ರಾತ್ರಿ ಹುಡುಗಿಯ ಕೈಗೆ ಹಾಕಿದ್ದ ಸೂಜಿ ಕಟ್ಟಿಕೊಂಡಿತು. ಔಷಧಿ ಇಳಿಯಲಿಲ್ಲ. ಚಳಿ ಜ್ವರಕ್ಕೆ ಮಂಚವೇ ಅಲುಗುತ್ತಿತ್ತು. ಕದರಮ್ಮ ಹೋಗಿ ಲಕ್ಷ್ಮೀದೇವಿಯನ್ನು ಎಬ್ಬಿಸಿದಳು.

“ಬೇರೆ ಸೂಜಿ ಹಾಕ್ಬುಡು ಚಿಕ್ಕವ್ವ. ಇಂಜೆಕ್ಷನ್ನು ಟ್ರೇನಾಗೆ ಐತೆ, ಅದ್ನೂ ಕೊಟ್ಬುಡು. ನಂಗೆ ತಲೆ ಎತ್ತಕ್ಕಾಗ್ತಿಲ್ಲ.”

ಕದರಮ್ಮ ಮೊಣಕೈ ಮಡಿಕೆಯಲ್ಲಿ ನರ ಹುಡುಕಿ ಚುಚ್ಚಿದಳು. ಕೆಂಪಗೆ ರಕ್ತ ಚಿಮ್ಮಿ ಬಂತು. ನರ ಚೆನ್ನಾಗಿ ಸಿಕ್ಕಿತು ಎಂದುಕೊಂಡಳು. ಸಿಕ್ಕಿದ್ದು ಬೆರಳುಗಳಿಗೆ ರಕ್ತ ಒಯ್ಯುವ, ಚುಚ್ಚಬಾರದ ರಕ್ತನಾಳ. ಎರಡರ ವ್ಯತ್ಯಾಸ ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಔಷಧಿ ಒಳಗೆ ಹೋಗುತ್ತಿದ್ದಂತೆ ಹುಡುಗಿ ಚೀರಿಕೊಂಡಳು. ಕೈಗೆ ಬೆಂಕಿ ಬಿತ್ತು, ಬೆಂಕಿ ಬಿತ್ತು ಎಂದು ಒದ್ದಾಡಿದಳು. ಬೆರಳುಗಳು ಸುಣ್ಣದ ಹಾಗೆ ಬಿಳುಚಿಕೊಂಡವು. ಮುಟ್ಟಿದರೆ ತಣ್ಣಗಿದ್ದವು.

ಲಕ್ಷ್ಮೀದೇವಿ ಓಡಿ ಬಂದಳು. ಕೈ ನೋಡಿದಳು. ಅವಳ ಮುಖದಲ್ಲೂ ರಕ್ತ ಇಳಿದುಹೋಯಿತು. ಡಾಕ್ಟರ ಮನೆ ಇರುವುದು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಫೋನು ಮಾಡಿದಳು. “ಜ್ವರದಲ್ಲಿ ಹಾಗೇ ಕೂಗ್ತಾರೆ. ಸೂಜಿ ತೆಗೆದು ಬಟ್ಟೆ ಕಟ್ಟಿ. ಬೆಳಿಗ್ಗೆ ನೋಡ್ತೀನಿ,” ಎಂಬ ಮಾತು ಪಕ್ಕದಲ್ಲಿ ನಿಂತಿದ್ದ ಕದರಮ್ಮನಿಗೂ ಕೇಳಿಸಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

“ನಾನು ಮ್ಯಾಲೋಗಿ ಬಾಗ್ಲು ಬಡೀತೀನಿ,” ಎಂದು ಕದರಮ್ಮ ಹೊರಟಳು.

ಲಕ್ಷ್ಮೀದೇವಿ ತೋಳು ಹಿಡಿದು ಎಳೆದಳು. “ಬ್ಯಾಡ ಚಿಕ್ಕವ್ವ. ಕೆಳಗೆ ಬಂದ್ರೆ ಯಾರು ಚುಚ್ಚಿದ್ದು ಅಂತಾರೆ. ನನ್ನ ಕೆಲ್ಸ ಹೋಯ್ತದೆ. ನನ್ನ ಕೂಸಿನ ಮ್ಯಾಲಾಣೆ.”

ಕದರಮ್ಮ ನಿಂತುಬಿಟ್ಟಳು. ಹತ್ತಬೇಕಾದ ಮೆಟ್ಟಿಲು ಎದುರಿಗೇ ಇತ್ತು. ಹತ್ತಲಿಲ್ಲ. ಅದಕ್ಕಾಗಿ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಅತ್ತ ಫಕ್ರುನ್ನೀಸಾ ತನಗೆ ಗೊತ್ತಿದ್ದುದನ್ನು ಮಾಡಿದಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಸಿಕೊಂಡು ಮಗಳ ಕೈಗೆ ಸವರಿ, ಬೆರಳುಗಳಿಗೆ ಬಿಸಿ ಬರಲಿ ಎಂದು ಬೆಳಕು ಹರಿಯುವವರೆಗೂ ತಿಕ್ಕಿದಳು. ಬಾಯಲ್ಲಿ ಅಲ್ಲಾನ ಹೆಸರು, ಕೈಯಲ್ಲಿ ಎಣ್ಣೆ. ನಮ್ಮ ಸೀಮೆಯ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಬೆರಳ ತುದಿಗಳು ಕಪ್ಪಾಗಿದ್ದವು.

ಡಾಕ್ಟರು ಇಳಿದು ಬಂದರು. ಹುಡುಗಿಯ ಕೈ ನೋಡಿದರು. ಅವರ ಬಾಯಿಂದ ಬಂದ ಮೊದಲ ಮಾತು ಹುಡುಗಿಯ ಬಗ್ಗೆ ಅಲ್ಲ.

“ಮೊದ್ಲು ಇವಳ ಕೋಟು ಬಿಚ್ಚಿಸು,” ಎಂದರು ಲಕ್ಷ್ಮೀದೇವಿಗೆ.

ಲಕ್ಷ್ಮೀದೇವಿ ಗುಂಡಿ ಬಿಚ್ಚಿದಳು. ಚಿಕ್ಕವ್ವನ ಮುಖ ನೋಡದೆ, ತೋಳಿನಿಂದ ಕೋಟು ಎಳೆದುಕೊಂಡಳು. ವಾರ್ಡಿನವರೆಲ್ಲ ನೋಡುತ್ತಿದ್ದರು. ಕದರಮ್ಮನಿಗೆ ಬಟ್ಟೆಯನ್ನೇ ಬಿಚ್ಚಿ ನಿಲ್ಲಿಸಿದಂತಾಯಿತು. ಆಮೇಲೆ ಡಾಕ್ಟರು ತಾಯಿಯ ಕಡೆ ತಿರುಗಿದರು. ಅವಳ ಅಂಗೈಗಳು ಎಣ್ಣೆಯಿಂದ ಹೊಳೆಯುತ್ತಿದ್ದವು.

“ತಿಕ್ಕಿದ್ರಾ? ಅಯ್ಯೋ ಏನಮ್ಮಾ ನೀವು! ತಿಕ್ಕಿ ತಿಕ್ಕಿ ರಕ್ತ ಕಟ್ಟಿಸಿಬಿಟ್ರಲ್ಲ!”

ಫಕ್ರುನ್ನೀಸಾ ಆ ಕೈಗಳನ್ನು ಹಾವು ಹಿಡಿದವಳಂತೆ ಮೈಯಿಂದ ದೂರ ಹಿಡಿದುಕೊಂಡಳು. ಆಂಬುಲೆನ್ಸು ಹುಡುಗಿಯನ್ನು ಬೆಂಗಳೂರಿಗೆ ಒಯ್ದಿತು.

ಮಧ್ಯಾಹ್ನ ಕದರಮ್ಮನನ್ನು ಡಾಕ್ಟರ ಕೋಣೆಗೆ ಕರೆಸಿದರು. ಲಕ್ಷ್ಮೀದೇವಿ ಆಗಲೇ ಅಲ್ಲಿ ನಿಂತಿದ್ದಳು.

“ಇವಳು ಸೂಜಿ ಮುಟ್ಟಿದ್ದು ನಿನಗೆ ಗೊತ್ತಿತ್ತಾ?” ಎಂದು ಡಾಕ್ಟರು ಲಕ್ಷ್ಮೀದೇವಿಯನ್ನು ಕೇಳಿದರು.

“ಇಲ್ಲ ಸಾರ್. ಮುಟ್ಟಬೇಡ ಅಂತ ಎಷ್ಟೋ ಸಲ ಹೇಳಿದ್ದೆ.”

ಕದರಮ್ಮ ತಲೆ ಎತ್ತಿದಳು. ಇದು ನಾಟಕ, ಈಗ ಕಣ್ಣು ಸನ್ನೆ ಮಾಡುತ್ತಾಳೆ ಎಂದುಕೊಂಡಳು. ಲಕ್ಷ್ಮೀದೇವಿ ಗೋಡೆ ನೋಡುತ್ತಿದ್ದಳು.

“ನಿಮ್ಮ ಜನಾನ ಒಳಗೆ ಬಿಟ್ಕೊಂಡಿದ್ದೇ ನನ್ನ ತಪ್ಪು,” ಎಂದರು ಡಾಕ್ಟರು. “ಬಾಗಿಲ ಹೊರಗೆ ಇರಬೇಕಾದವರು.”

“ಹೌದು ಸಾರ್. ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ,” ಎಂದಳು ಲಕ್ಷ್ಮೀದೇವಿ.

ಈ ಜನ. ಡಾಕ್ಟರ ಮಾತು ಕದರಮ್ಮನಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು, ಕಿವಿ ಗಡುಸಾಗಿತ್ತು. ಇದು ತಾನು ಹೇನು ಹೆಕ್ಕಿದ ತಲೆಯಿಂದ ಬಂದ ಮಾತು. ತನ್ನ ಕೈತುತ್ತು ತಿಂದ ಬಾಯಿಂದ ಬಂದ ಮಾತು. ಅಲ್ಲಿ ಇದ್ದ ಎರಡು ಕುರ್ಚಿಗಳಲ್ಲಿ ಅವಳು ಕೂರುವ ಹಾಗಿರಲಿಲ್ಲ. ನಿಂತೇ ಇದ್ದಳು.

ಡಾಕ್ಟರು ದನಿ ಇಳಿಸಿದರು. “ನೋಡು, ಪೊಲೀಸು ಗಿಲೀಸು ಅಂದ್ರೆ ಒಳಗೆ ಹೋಗೋಳು ನೀನು. ನಾನಲ್ಲ. ಆ ಯಮ್ಮ ಎಣ್ಣೆ ತಿಕ್ಕಿದ್ದು ನೀನು ನೋಡಿದ್ದೀಯ. ಯಾರಾದ್ರೂ ಕೇಳಿದ್ರೆ ಅದನ್ನ ಹೇಳು. ಸೂಜಿ ಚೆನ್ನಾಗಿತ್ತು, ತಿಕ್ಕಿದ್ದಕ್ಕೆ ಹೀಗಾಯ್ತು ಅನ್ನು. ನಿನ್ನ ಕೆಲಸಕ್ಕೆ ತೊಂದರೆ ಇಲ್ಲ.”

ಹೊರಗೆ ಬಂದ ಮೇಲೆ ಲಕ್ಷ್ಮೀದೇವಿ ಹಿಂದೆಯೇ ಬಂದಳು. “ಇನ್ನೇನು ಮಾಡ್ಲಿ ಚಿಕ್ಕವ್ವ? ನನ್ನ ಜಾಗದಾಗೆ ನಿಂತು ನೋಡು,” ಎಂದಳು. ಕದರಮ್ಮ ಬಕೆಟ್ಟಿಗೆ ನೀರು ಬಿಟ್ಟಳು. ನಿನ್ನ ಜಾಗದಲ್ಲಿ ನನ್ನನ್ನು ಯಾರು ನಿಲ್ಲಿಸಿದ್ದರು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಅವಳು ಕೆಲಸ ಬಿಡಲಿಲ್ಲ. ಅದನ್ನು ಮುಚ್ಚಿಡಬೇಕಾದ್ದಿಲ್ಲ. ಮನೆಯಲ್ಲಿ ಅಡವಯ್ಯನ ಮಾತ್ರೆ ಇತ್ತು, ಒಲೆ ಇತ್ತು, ಜೈಲಿನ ಹೆದರಿಕೆ ಇತ್ತು. ಕೋಟು ಕೊಡಲಿಲ್ಲ ಅಷ್ಟೆ. ಹಗಲು ಪಾಳಿಗೆ ಹಾಕಿದರು. ನೆಲ ಒರೆಸಿದಳು, ಕಕ್ಕಸು ತೊಳೆದಳು. ಪಾಳಿ ಬದಲಾಗುವಾಗ ಲಕ್ಷ್ಮೀದೇವಿ ಎದುರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಬೆಂಗಳೂರಿನಲ್ಲಿ ಹುಡುಗಿಯ ಬಲಗೈಯನ್ನು ಮಣಿಕಟ್ಟಿನವರೆಗೆ ಕತ್ತರಿಸಿದರೆಂದು ಸುದ್ದಿ ಬಂತು. ಆ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ತನ್ನ ಬಲಗೈಯನ್ನೇ ಕಲ್ಲಿಗೆ ಹೊಡೆದುಕೊಂಡಳು. ನೋವಾಗಿ ನಿಲ್ಲಿಸಿದಳು. ನೋವಿಗೆ ನಿಲ್ಲಿಸಿದೆನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ಒಂದು ಬೆಳಿಗ್ಗೆ ಫಕ್ರುನ್ನೀಸಾ ಬಂದಳು. ಒಬ್ಬಳೇ. ಜಗಳಕ್ಕೆ ಬಂದವಳಲ್ಲ. ದೊಡ್ಡ ಹಾಲಿನಲ್ಲಿ ಹೊರರೋಗಿಗಳ ಬೆಂಚಿನ ತುದಿಯಲ್ಲಿ ಕೂತು ತನ್ನ ಸರದಿ ಕಾದಳು. ರಾತ್ರಿ ಪಾಳಿ ಮುಗಿಸಿದ ಲಕ್ಷ್ಮೀದೇವಿ ಅವಳನ್ನು ಕಂಡು ಮನೆಗೆ ಹೋಗದೆ ಅಲ್ಲೇ ನಿಂತಳು. ಡಾಕ್ಟರು ಹೊರಗೆ ಬಂದಾಗ ಫಕ್ರುನ್ನೀಸಾ ಎದ್ದು ಸೆರಗು ಸರಿಮಾಡಿಕೊಂಡಳು.

“ಡಾಕ್ಟ್ರೇ, ಒಂದೇ ಒಂದು ಮಾತು ಕೇಳಕ್ಕೆ ಬಂದೆ. ಬೆಂಗಳೂರಲ್ಲಿ ಕೇಳಿದ್ರೆ ತಡ ಆಯ್ತು ಅಂತಾರೆ ಅಷ್ಟೇ. ನಾನು ತಿಕ್ಕದೆ ಇದ್ದಿದ್ರೆ ನನ್ ಬೇಟಿ ಕೈ ಉಳೀತಿತ್ತಾ?”

ಕದರಮ್ಮ ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದಳು. ಒರೆಸುವ ಬಟ್ಟೆ ಅಲ್ಲೇ ನಿಂತಿತು.

“ಮನೇಲಿ ಅವಳು ನನ್ನ ಹತ್ರ ಮಾತಾಡ್ತಾಳೆ,” ಫಕ್ರುನ್ನೀಸಾ ಹೇಳುತ್ತಲೇ ಹೋದಳು. “ಅಮ್ಮೀ ನಿಂದೇನೂ ತಪ್ಪಿಲ್ಲ ಅಂತಾಳೆ. ಆದ್ರೆ ತಲೆ ಬಾಚ್ತೀನಿ ಅಂತ ಹೋದ್ರೆ ನನ್ನ ಕೈ ನೋಡಿ ಹಿಂದಕ್ಕೆ ಸರೀತಾಳೆ. ಎಣ್ಣೆ ಬಾಟ್ಲಿ ಬೀದಿಗೆ ಎಸೆದೆ. ನನಗೆ ನಿದ್ದೆ ಇಲ್ಲ ಡಾಕ್ಟ್ರೇ. ಉಳೀತಿತ್ತಾ?”

ಡಾಕ್ಟರು ಅವಳ ಹೆಗಲು ತಟ್ಟಿದರು. ಅವರ ದನಿಯಲ್ಲಿ ಕರುಣೆ ಇತ್ತು. ಆ ಕರುಣೆಯೇ ಕದರಮ್ಮನ ಮೈಗೆ ಬೆಂಕಿ ಇಟ್ಟದ್ದು.

“ಉಳೀತಿತ್ತು ಅಮ್ಮಾ. ಏನು ಮಾಡೋದು, ಗೊತ್ತಿಲ್ದೆ ಮಾಡಿದ್ರಿ. ದೇವರು ಕ್ಷಮಿಸ್ತಾನೆ. ಬೇಕಾದ್ರೆ ಇವಳನ್ನೇ ಕೇಳಿ, ಆವತ್ತು ನೋಡಿದವಳು. ಹೇಳು ಕದರಮ್ಮ.”

ಎಲ್ಲರೂ ಅವಳತ್ತ ತಿರುಗಿದರು. ಲಕ್ಷ್ಮೀದೇವಿಯೂ. ಕದರಮ್ಮ ಎದ್ದು ನಿಂತಳು. ಮೊಣಕಾಲು ಚಟಕ್ಕೆಂದಿತು. ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು.

“ನಾನು ಹೇಳಲ್ಲ.”

“ಏನು?”

“ನೀವು ಹೇಳ್ಕೊಟ್ಟಿದ್ದು ಹೇಳಲ್ಲ ಸಾ.” ಅವಳು ಫಕ್ರುನ್ನೀಸಾಳ ಕಡೆ ತಿರುಗಿದಳು. “ಎಣ್ಣೆಯಿಂದ ಏನೂ ಆಗಿಲ್ಲ ಕಣಮ್ಮ. ನೀನು ತಿಕ್ಕಾಕೆ ಮೊದ್ಲೇ ಬೆರಳು ತಣ್ಣಗಾಗಿದ್ವು. ಸೂಜಿ ಹಾಕಿದ್ದು ನಾನು. ತಪ್ಪು ಜಾಗಕ್ಕೆ ಹಾಕ್ದೆ. ನಾನು ಸಿಸ್ಟರಲ್ಲ, ಆಯಾ. ಕೋಟು ಹಾಕಿ ನಿಲ್ಲಿಸಿದ್ದು ಇವ್ರು. ಚುಚ್ಚು ಅಂದಿದ್ದು ಅಗೋ, ಆ ನರ್ಸಮ್ಮ. ಫೋನು ಮಾಡುದ್ರೆ ಇವ್ರು ಮ್ಯಾಲಿಂದ ಇಳೀಲಿಲ್ಲ. ಬೆಳಿಗ್ಗೆ ನೋಡ್ತೀನಿ ಅಂದ್ರು. ನಾನೂ ಬಾಗ್ಲು ಬಡೀಲಿಲ್ಲ.”

“ಸುಳ್ಳು!” ಲಕ್ಷ್ಮೀದೇವಿ ಕೂಗಿದಳು. “ಸಾರ್, ಇವಳು ಸುಳ್ಳು ಹೇಳ್ತಿದಾಳೆ!”

“ನ್ಯಾಯ ಹೇಳೋಕೆ ಬಂದುಬಿಟ್ಳು ಮಾದಿಗಿತ್ತಿ!” ಡಾಕ್ಟರ ಮುಖ ಕೆಂಪಾಗಿತ್ತು. ಬೆಂಚಿನ ಮೇಲೆ ಕೂತವರನ್ನು ನೋಡಿ ಕೈ ಎತ್ತಿದರು. “ಒಂದು ಕಡೆ ಓದಿರೋ ಒಳ್ಳೆ ಮನೆತನದ ಹೆಣ್ಣುಮಗಳು. ಇನ್ನೊಂದು ಕಡೆ ಇದು. ನೀವೇ ಹೇಳಿ, ಯಾರ ಮಾತು ನಂಬ್ತೀರ?”

ಲಕ್ಷ್ಮೀದೇವಿಯ ಕಣ್ಣು ಕದರಮ್ಮನ ಮೇಲೆ ನೆಟ್ಟಿತು. ಅಲ್ಲಿ ಈಗ ಕೋಪವಿರಲಿಲ್ಲ, ಬರೀ ಭಯವಿತ್ತು. ಕದರಮ್ಮನ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ಈ ಒಳ್ಳೆ ಮನೆತನ ಯಾವ ಕೇರಿಯದು ಕೇಳಿ ಎಂದರೆ ಸಾಕಿತ್ತು. ಸಂಜೆಯೊಳಗೆ ಲಕ್ಷ್ಮೀದೇವಿಯ ಪಾತ್ರೆ ಪಗಡೆ ಬೀದಿಯಲ್ಲಿರುತ್ತಿದ್ದವು. ಮಾಡಿದ ಮೋಸಕ್ಕೆ ಅದು ಸರಿಯಾದ ಶಿಕ್ಷೆ ಎಂದು ಕದರಮ್ಮನಿಗೆ ಒಂದು ಗಳಿಗೆ ಅನ್ನಿಸಿತು. ಆ ಗಳಿಗೆಯಲ್ಲಿ ಅವಳ ಬಾಯಿ ತೆರೆದೂ ಇತ್ತು.

ಆದರೆ ಹಾಗೆ ಹೇಳಿದರೆ ತನ್ನ ಅಪ್ಪನ ಜಾತಿಯನ್ನು, ತನ್ನ ಕೇರಿಯನ್ನು, ಈ ಡಾಕ್ಟರು ಎಸೆದ ಹಾಗೆಯೇ ತಾನೂ ಕೊಳಕು ಮಾಡಿ ಇನ್ನೊಬ್ಬರ ಮುಖಕ್ಕೆ ಎರಚಿದಂತೆ. ಅದು ಕೊಳಕಲ್ಲ. ಲಕ್ಷ್ಮೀದೇವಿಯ ತಪ್ಪು ಜಾತಿಯದಲ್ಲ, ಬಾಯಿಯದು. ಕದರಮ್ಮ ಆ ಮಾತನ್ನು ನುಂಗಿದಳು. ಅವಳ ಮೇಲಿನ ಪ್ರೀತಿಯಿಂದ ಅಲ್ಲ. ಪ್ರೀತಿ ಡಾಕ್ಟರ ಕೋಣೆಯಲ್ಲಿ ಅವಳು ಗೋಡೆ ನೋಡುತ್ತಾ ನಿಂತಾಗಲೇ ಸತ್ತಿತ್ತು.

“ಹೌದು, ನಾನು ಮಾದಿಗಿತ್ತಿಯೇ,” ಎಂದಳು. “ಅದ್ನ ಬೈಗುಳ ಅಂದ್ಕಂಡು ಬೈಬ್ಯಾಡಿ ಸಾ. ಯಾರ ಮಾತು ನಂಬ್ತೀರ ಅಂತ ಇವ್ರನ್ನೆಲ್ಲ ಕೇಳೋದ್ಯಾಕೆ? ಸ್ಟೇಷನ್ನಾಗೆ ಕೇಳಣ, ನಡೀರಿ.”

ಫಕ್ರುನ್ನೀಸಾ ಅಷ್ಟು ಹೊತ್ತೂ ಅಲುಗಾಡದೆ ನಿಂತಿದ್ದಳು. ಈಗ ಒಂದೊಂದೇ ಹೆಜ್ಜೆ ಇಟ್ಟು ಕದರಮ್ಮನ ಹತ್ತಿರ ಬಂದಳು. ಕೈ ಎತ್ತಿ ಕೆನ್ನೆಗೆ ಹೊಡೆದಳು. ಆ ಏಟು ಹಾಲಿನ ಮೂಲೆಗೂ ಕೇಳಿಸಿತು.

“ಗೊತ್ತಿತ್ತಲ್ಲ ನಿನಗೆ! ಇಷ್ಟು ದಿನ ಗೊತ್ತಿತ್ತಲ್ಲ! ನನ್ನ ಕೈ ನಾನೇ ಕಚ್ಕೊಂಡೆ, ಗೋಡೆಗೆ ಹೊಡ್ಕೊಂಡೆ. ನೀನು ಇಲ್ಲಿ ನೆಲ ಒರೆಸ್ತಾ ಇದ್ಯಾ?”

“ಹೂಂ ಕಣಮ್ಮ. ಒರೆಸ್ತಾ ಇದ್ದೆ.”

ಇನ್ನೊಂದು ಏಟು ಬಿತ್ತು. ಕದರಮ್ಮ ಮುಖ ತಿರುಗಿಸಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಫಕ್ರುನ್ನೀಸಾ ಆ ಕೈಯನ್ನು ತನ್ನ ಕಣ್ಣಿನ ಹತ್ತಿರ ತಂದು ಹಿಂದೆ ಮುಂದೆ ನೋಡಿಕೊಂಡಳು. ತನ್ನದೇ ಕೈ. ಅದನ್ನು ಎದೆಗೆ ಒತ್ತಿಕೊಂಡು, ಆ ಹಾಲಿನ ಒದ್ದೆ ನೆಲದ ಮೇಲೆ ಕುಸಿದು, ಬಾಯಿಬಿಟ್ಟು ಅತ್ತಳು. ಮಗಳ ಕೈ ಹೋದಾಗಿನಿಂದ ಅವಳು ಹಾಗೆ ಅತ್ತಿರಲಿಲ್ಲ.

ಡಾಕ್ಟರು ಒಳಗೆ ಹೋಗಿ ಯಾರಿಗೋ ಫೋನು ಮಾಡತೊಡಗಿದರು. ಕದರಮ್ಮ ಫಕ್ರುನ್ನೀಸಾಳನ್ನು ಎಬ್ಬಿಸಿದಳು. ಇಬ್ಬರೂ ಹೊರಗೆ ಬಂದು ಬಿಸಿಲಲ್ಲಿ ನಡೆದರು. ಬೆಟ್ಟದ ಬಂಡೆ ಕಾದು ಊರಿನ ಮೇಲೆ ಝಳ ಉಗುಳುತ್ತಿತ್ತು. ದಾರಿಯಲ್ಲಿ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಆದರೆ ಒಬ್ಬಳು ಹಿಂದೆ ಬಿದ್ದರೆ ಇನ್ನೊಬ್ಬಳು ನಿಲ್ಲುತ್ತಿದ್ದಳು.

ಸ್ಟೇಷನ್ನಿಗೆ ಇವರಿಗಿಂತ ಮೊದಲೇ ಡಾಕ್ಟರ ಫೋನು ಮುಟ್ಟಿತ್ತು. ಮೇಜಿನ ಹಿಂದೆ ಕೂತಿದ್ದ ದಫೇದಾರ ಇಬ್ಬರನ್ನೂ ಬಹಳ ಹೊತ್ತು ಹೊರಗೆ ಕಾಯಿಸಿದ. ಆಮೇಲೆ ಕರೆದು, ಕೇಳಬೇಕಲ್ಲ ಎಂದು ಎಲ್ಲವನ್ನೂ ಕೇಳಿಸಿಕೊಂಡ. ಪೆನ್ನಿನಿಂದ ಕಿವಿ ಕೆರೆದುಕೊಂಡ.

“ಲೇ ಯಮ್ಮ, ತಲೆ ನೆಟ್ಟಗೈತಾ? ದೊಡ್ಡೋರ ತಂಟೆ ನಿಂಗ್ಯಾಕೆ? ಸೂಜಿ ಚುಚ್ಚಿದ್ದು ನಾನೇ ಅಂತ ನೀನೇ ಒಪ್ಕಂತಿದ್ದೀಯ. ಇದ್ನ ಬರ್ಕಂಡ್ರೆ ಮೊದ್ಲು ಒಳಗೋಗೋಳು ನೀನೇ ಕಣಮ್ಮ.”

“ಗೊತ್ತು ಸಾ,” ಎಂದಳು ಕದರಮ್ಮ. ಅವಳ ಕೆನ್ನೆ ಇನ್ನೂ ಊದಿತ್ತು. “ಬರ್ಕಳಿ. ಮೊದ್ಲು ನನ್ನೆಸ್ರೇ ಬರ್ಕಳಿ. ಆದ್ರೆ ಅಲ್ಲಿಗೇ ಪೆನ್ನು ಮುಚ್ಬ್ಯಾಡಿ.”